ಓದಿದ್ದು ಚೆಂದ ಐತಿ, ಅರ್ಥ ಹೇಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನಾವು ಐದು ಜನ, ಐದು ತಾಲ್ಲೂಕಿನವರು. ಹೊಸಪೇಟೆಯವರು ಒಬ್ಬರು ಸಿಕ್ಕಿದ್ರೆ ಪೂರ್ತಿ ವಿಜಯನಗರ ಜಿಲ್ಲೆ ಆಗ್ತಿತ್ತು. ಹರಪನಹಳ್ಳಿಯವನದು ಇನ್ನೂ ಮಜಾ. ಹುಟ್ಟಿದಾಗ ದಾವಣಗೆರೆ ಜಿಲ್ಲೆ, ಆಮೇಲೆ ಬಳ್ಳಾರಿ, 2021ರಿಂದ ವಿಜಯನಗರ. ಮನೆ ಮಾತ್ರ ಇದ್ದಲ್ಲೇ ಇದೆ.

ನಮ್ಮೈವರಲ್ಲಿ ಇನ್ನೊಂದು ಹೋಲಿಕೆ ಇದೆ. ಎಲ್ಲರೂ ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಟೈ, ಬೆಲ್ಟು, ಹಳದಿ ವ್ಯಾನು, ವರ್ಷಕ್ಕೆರಡು ಸಲ ಫೀಸು. ಕ್ಲಾಸಿನಲ್ಲಿ ಪಾಠ ಹೇಳ್ತಿದ್ದದ್ದು ಕನ್ನಡದಲ್ಲಿ, ನೋಟ್ಸು ಬರೆಸ್ತಿದ್ದದ್ದು ಇಂಗ್ಲಿಷಿನಲ್ಲಿ, ನಾವು ಮಾಡ್ತಿದ್ದದ್ದು ಬಾಯಿಪಾಠ. ಮಾರ್ಕ್ಸ್ ಬಂತು, ಸೀಟೂ ಸಿಕ್ತು. ಇಂಗ್ಲಿಷ್ ಬರುತ್ತೆ ಅಂತ ನಾವೂ ನಂಬಿದ್ವಿ, ಮನೆಯವರೂ ನಂಬಿದ್ರು.

ಆ ನಂಬಿಕೆ ಹೋಗಿದ್ದು ಕೂಡ್ಲಿಗಿಯಲ್ಲಿ. ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಹೋಗೋ ದಾರಿಯಲ್ಲಿ ಐವರೂ ಗೆಳೆಯನ ಮನೆಗೆ ಊಟಕ್ಕೆ ಇಳಿದಿದ್ವಿ. ಊಟ ಆದ ಮೇಲೆ ಅವರಪ್ಪ ಒಂದು ಕಾಗದ ತಂದು ಮುಂದೆ ಇಟ್ರು. ಶೇಂಗಾ ಬೆಳೆ ವಿಮೆಗೆ ಸಂಬಂಧಪಟ್ಟ ಪತ್ರ. ಪೂರ್ತಿ ಇಂಗ್ಲಿಷು.

'ಓದ್ರಪಾ, ಐದು ಮಂದಿ ಇಂಜಿನಿಯರ್ ಅದೀರಿ.'

ಗೆಳೆಯ ಗಡಗಡ ಓದಿದ. ಒಂದು ಕಡೆಯೂ ತಡವರಿಸಲಿಲ್ಲ. ಅಪ್ಪ ಕೇಳಿ ತಲೆದೂಗಿದ್ರು.

'ಓದಿದ್ದು ಚೆಂದ ಐತಿ. ಈಗ ಅರ್ಥ ಹೇಳು.'

ಕಾಗದ ಐದು ಕೈ ತಿರುಗಿತು. ಕೊನೆಯ ಸಾಲಿನಲ್ಲಿ 'ಫೇಲಿಂಗ್ ವಿಚ್' ಅಂತಿತ್ತು, ಅದರ ಮುಂದೆ 'ಕ್ಲೋಸ್ಡ್' ಅಂತಿತ್ತು. ಫೇಲ್ ಗೊತ್ತು, ಕ್ಲೋಸ್ ಗೊತ್ತು. 'ಅರ್ಜಿ ಫೇಲಾಗೈತಂತ್ರಿ, ಕ್ಲೋಸ್ ಮಾಡ್ಯಾರ' ಅಂದ್ವಿ. ಅವರು ಏನೂ ಮಾತಾಡದೆ ಕಾಗದ ಮಡಚಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹಡಗಲಿಯವಳು ಸುಮ್ಮನೆ ಆ ಎರಡು ಪದ ಮೊಬೈಲ್ ಡಿಕ್ಷನರಿಯಲ್ಲಿ ಹಾಕಿದ್ಲು. 'ಹಾಗೆ ಮಾಡದಿದ್ದರೆ' ಅಂತ ಬಂತು! ಅಂದ್ರೆ ಅರ್ಜಿ ಮುಚ್ಚಿರಲಿಲ್ಲ. ಪಹಣಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಹೆಸರಿದೆ, ಇಬ್ಬರೂ ಒಬ್ಬರೇ ಅಂತ ಹದಿನೈದು ದಿನದೊಳಗೆ ಅಫಿಡವಿಟ್ ಕೊಡಿ, ಕೊಡದಿದ್ದರೆ ಮುಚ್ಚುತ್ತೇವೆ ಅಂತ ಇತ್ತು. ಇನ್ನೂ ಒಂಬತ್ತು ದಿನ ಉಳಿದಿತ್ತು. ಫೋನ್ ಮಾಡಿ ಹೇಳಿದ್ವಿ. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಅವತ್ತಿಂದ ರಜೆ ಪೂರ್ತಿ ರಾತ್ರಿ ಒಂಬತ್ತಕ್ಕೆ ಗ್ರೂಪ್ ಕಾಲ್. ದುಡ್ಡು ಕೊಟ್ಟು ಕೋರ್ಸ್ ಸೇರಲಿಲ್ಲ, ಪುಕ್ಕಟೆ ಸಿಗೋದೇ ಬೇಕಾದಷ್ಟಿತ್ತು.

ಮೊದಲು ಕೇಳೋದು. ಬಿಬಿಸಿಯ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಹಾಕಿದ್ವಿ. ಇಬ್ಬರು ಮಾತಾಡ್ತಾರೆ, ಶುರುವಿಗೆ ಒಂದು ಪ್ರಶ್ನೆ ಕೇಳಿ ಕೊನೆಗೆ ಉತ್ತರ ಹೇಳ್ತಾರೆ. ಮೊದಲ ದಿನ ನಮಗೆ ಪ್ರಶ್ನೆಯೇ ತಿಳೀಲಿಲ್ಲ. ಹಾಗಾಗಿ ಹಿಂದಕ್ಕೆ ಹೋಗಿ ವಾಯ್ಸ್ ಆಫ್ ಅಮೆರಿಕಾದ ಕಲಿಕೆಯ ಪಾಠಗಳನ್ನು ಹಿಡಿದ್ವಿ. 1959ರಲ್ಲಿ ರೇಡಿಯೋದಲ್ಲಿ 'ಸ್ಪೆಷಲ್ ಇಂಗ್ಲಿಷ್' ಅಂತ ಶುರುವಾದದ್ದು ಅದು. ಸುಮಾರು 1500 ಪದಗಳೊಳಗೆ, ನಿಧಾನವಾಗಿ ಓದ್ತಿದ್ರು. ಒಂದು ನಿಮಿಷ ಕೇಳೋದು, ಕೇಳಿಸಿದಷ್ಟು ಬರೆಯೋದು, ಆಮೇಲೆ ಬರಹ ತೆಗೆದು ನಮ್ಮ ತಪ್ಪು ನೋಡೋದು. ನಮ್ಮ ತಪ್ಪೆಲ್ಲ ದೊಡ್ಡ ಪದಗಳಲ್ಲಿ ಇರಲಿಲ್ಲ, ಸಣ್ಣ ಪದಗಳು ಒಂದಕ್ಕೊಂದು ಅಂಟಿಕೊಂಡ ಕಡೆ ಇತ್ತು. 'ನಾಟ್ ಅಟ್ ಆಲ್' ಅನ್ನೋದು 'ನಾಟಟಾಲ್' ಅಂತ ಕೇಳುತ್ತೆ. 'ಗೋ ಆನ್' ಅನ್ನೋದು 'ಗೋವಾನ್' ಆಗುತ್ತೆ. ಕೊಟ್ಟೂರಿನವಳು ತಟ್ಟನೆ ಅಂದ್ಲು: 'ಇದು ವಕಾರಾಗಮ ಸಂಧಿ ಅಲ್ವಾ? ಗುರು ಅನ್ನು, ಗುರುವನ್ನು!' ಹೈಸ್ಕೂಲಿನಲ್ಲಿ ಮಾರ್ಕ್ಸಿಗಾಗಿ ಉರು ಹೊಡೆದ ಕನ್ನಡ ವ್ಯಾಕರಣ ಇಂಗ್ಲಿಷ್ ಕೇಳೋಕೆ ಕೆಲಸಕ್ಕೆ ಬಂತು.

ಮಾತಾಡೋದು ಇನ್ನೂ ಕಷ್ಟ. ವಿಷಯ 'ನಮ್ಮೂರು', ಒಂದು ನಿಮಿಷ. 'ಮೈ ನೇಟಿವ್ ಪ್ಲೇಸ್ ಈಸ್ ವೆರಿ ಫೇಮಸ್' ಆದ ಮೇಲೆ ಐವರೂ ಠುಸ್. ಯಾಕೆ ಫೇಮಸ್ ಅಂತ ಹೇಳೋಕೆ ಬರಲ್ಲ. ಆಮೇಲೆ ಹಡಗಲಿಯವಳು ಮೈಲಾರದ ಕಾರಣಿಕ ತಗೊಂಡ್ಲು. ಭರತ ಹುಣ್ಣಿಮೆ ಕಳೆದ ಮೇಲೆ ಗೊರವಯ್ಯ ಬಿಲ್ಲು ಏರಿ 'ಸದ್ದಲೇ' ಅಂತಾನೆ, ಜಾತ್ರೆಯೇ ಸುಮ್ಮನಾಗುತ್ತೆ, ಒಂದೇ ಮಾತು ಹೇಳ್ತಾನೆ, ವರ್ಷವಿಡೀ ಜನ ಅದರ ಅರ್ಥ ಹುಡುಕ್ತಾರೆ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳೋಕೆ ಅವಳಿಗೆ ನಾಲ್ಕು ದಿನ ಬೇಕಾಯ್ತು. ರೆಕಾರ್ಡ್ ಮಾಡಿ, ತನ್ನ ದನಿ ತಾನೇ ಕೇಳಿ, ತಿದ್ದಿ ಮತ್ತೆ ಹೇಳಿದ್ಲು. ಐದನೇ ದಿನ ಕಾಗದ ನೋಡದೇ ಎರಡು ನಿಮಿಷ ಮಾತಾಡಿದ್ಲು. ಅಂದಿನಿಂದ ಯಾರ ಸರದಿ ಬಂದ್ರೂ ಉಳಿದವರು 'ಸದ್ದಲೇ' ಅಂದು ಮೈಕ್ ಮ್ಯೂಟ್ ಮಾಡ್ತೀವಿ.

ಬರೆಯೋ ಪಾಠ ಕಲಿಸಿದ್ದು ಮತ್ತೆ ಆ ವಿಮೆ ಪತ್ರವೇ. ಅಫಿಡವಿಟ್ ಜೊತೆ ಒಂದು ಅರ್ಜಿ ಬೇಕಿತ್ತು. ಮೊದಲು ಚಾಟ್‌ಜಿಪಿಟಿ ಕೈಲಿ ಬರೆಸಿದ್ವಿ. ಪತ್ರ ಭಾರಿ ಚೆನ್ನಾಗಿತ್ತು. ಆದ್ರೆ 'ಅರ್ಥ ಹೇಳು' ಅಂತ ಅಪ್ಪ ಮತ್ತೆ ಕೇಳಿದ್ರೆ? ಅಳಿಸಿಬಿಟ್ವಿ. ಆರೇ ಆರು ವಾಕ್ಯ ನಾವೇ ಬರೆದು, ತಪ್ಪು ಎಲ್ಲಿದೆ ಅಂತ ಮಾತ್ರ ಅದಕ್ಕೆ ಕೇಳಿದ್ವಿ. ಹನ್ನೊಂದು ತಪ್ಪು ತೋರಿಸ್ತು. ಒಂದೊಂದನ್ನೂ ಯಾಕೆ ಅಂತ ತಿಳ್ಕೊಂಡು ತಿದ್ದಿದ್ವಿ. ಗೆಳೆಯ ಅಪ್ಪನಿಗೆ ಫೋನಿನಲ್ಲೇ ಓದಿ, ಸಾಲು ಸಾಲಿಗೂ ಅರ್ಥ ಹೇಳಿದ.

ಎಲ್ಲ ಕೇಳಿ ಅವರು ಒಂದೇ ಮಾತು ಅಂದ್ರು: 'ಕನ್ನಡದಾಗೂ ಒಂದು ಬರೀರಿ. ನಾನು ಸೈನ್ ಮಾಡೋದು, ನನಗೂ ತಿಳಿಬೇಕಲ್ಲ.'

'ಮಾನ್ಯರೇ' ಅಂತ ಬರೆದ್ವಿ. ಮುಂದಕ್ಕೆ ಹೋಗಲಿಲ್ಲ. 'ಈ ಮೂಲಕ' ಆದ ಮೇಲೆ ಏನು? 'ದೃಢೀಕರಿಸು' ಬರೆಯೋದು ಹೇಗೆ? ಇಂಗ್ಲಿಷಿನಲ್ಲಿ ಹನ್ನೊಂದು ತಪ್ಪಾಗಿತ್ತು, ಕನ್ನಡದಲ್ಲಿ ಎಣಿಸೋಕೇ ಹೋಗಲಿಲ್ಲ. ಕೊನೆಗೆ ಹಗರಿಬೊಮ್ಮನಹಳ್ಳಿಯವನ ಅಜ್ಜಿ, ಏಳನೇ ಕ್ಲಾಸ್ ಓದಿದವರು, ಫೋನಿನಲ್ಲಿ ಹೇಳ್ತಾ ಹೋದ್ರು, ನಾವು ಬರ್ಕೊಂಡ್ವಿ.

ಹಾಸ್ಯ ಸಾಹಿತಿ ಬೀಚಿ 1913ರಲ್ಲಿ ಹುಟ್ಟಿದ್ದು ನಮ್ಮ ಹರಪನಹಳ್ಳಿಯಲ್ಲೇ. ಅವರಿಗೂ ಮೊದಲು ಕನ್ನಡ ಪುಸ್ತಕ ಅಂದ್ರೆ ಅಸಡ್ಡೆ ಇತ್ತಂತೆ, ಅನಕೃ ಅವರ 'ಸಂಧ್ಯಾರಾಗ' ಓದಿದ ಮೇಲೆ ಬದಲಾದ್ರಂತೆ. ನಮ್ಮನ್ನು ಬದಲಾಯಿಸಿದ್ದು ಯಾವ ಕಾದಂಬರಿಯೂ ಅಲ್ಲ, ಒಂದು ಅರ್ಜಿ.

ಗಡುವಿಗೆ ಎರಡು ದಿನ ಮುಂಚೆ ಎರಡೂ ಪತ್ರ ಕೊಟ್ಟು, ಸೀಲು ಹಾಕಿಸಿಕೊಂಡು ಬಂದಿದ್ದಾರೆ. ವಿಮೆ ಹಣ ಇನ್ನೂ ಬಂದಿಲ್ಲ, ಕಾಯ್ತಿದ್ದೀವಿ. ಒಂಬತ್ತು ಗಂಟೆಯ ಕಾಲ್ ಈಗ ಹಾಸ್ಟೆಲಿನಲ್ಲೂ ನಡೀತಿದೆ. ನಾಲ್ಕು ದಿನ ಇಂಗ್ಲಿಷ್, ಎರಡು ದಿನ ಕನ್ನಡ, ಭಾನುವಾರ ರಜೆ. ಈ ಲೇಖನ ಕನ್ನಡದ ಎರಡು ವಾರಗಳಲ್ಲಿ ಐವರೂ ಸೇರಿ ಬರೆದದ್ದು. ತಪ್ಪಿದ್ರೆ ಕ್ಲಬ್ಬಿನವರು ತಿದ್ದಿ, ಆದ್ರೆ ಯಾಕೆ ತಪ್ಪು ಅಂತ ನಮಗೂ ಹೇಳಿ.