ಹಿತ್ತಿಲ ಮಣ್ಣಿನ ವೀರಗಲ್ಲು

ಜನ್ನಾಪುರದಿಂದ ಶಿವಮೊಗ್ಗ ಮಹಾ ದೂರವೇನಲ್ಲ. ಆದರೂ ಶಿವಪ್ಪನಾಯಕ ಅರಮನೆಯ ಮ್ಯೂಸಿಯಂ ನೋಡೋಕೆ ಮಗಳಿಗೆ ಎಂಟು ವರ್ಷ ತುಂಬಬೇಕಾಯ್ತು! ಒಳಗಿನ ಮರದ ಕಂಬಗಳನ್ನು ದಾಟಿ ಬಂದವಳು ನಿಂತಿದ್ದು ಅಂಗಳದ ವೀರಗಲ್ಲುಗಳ ಮುಂದೆ.

"ಕೆಳಗಿನಿಂದ ಮೇಲಕ್ಕೆ ಓದ್ಬೇಕು ಪುಟ್ಟಿ" ಅಂದೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ.

"ಯುದ್ಧ ಮಾಡಿದೋರಿಗೆ ಮಾತ್ರಾನಾ?"

ಊರ ದನ ಬಿಡಿಸಲು ಹೋಗಿ ಸತ್ತವರಿಗೂ ನಿಲ್ಲಿಸ್ತಿದ್ರು, ಅಂದೆ.

ಮರುದಿನ ಹಿತ್ತಿಲ ಜೇಡಿಮಣ್ಣು ಕಲಸಿ, ಹಲಗೆಯಂತೆ ತಟ್ಟಿ, ಊದುಬತ್ತಿ ಕಡ್ಡಿಯಲ್ಲಿ ಗೀರಿದಳು. ಕೆಳಗಿನ ಸಾಲಿನಲ್ಲಿ ಕತ್ತಿಯಿಲ್ಲ. ಸೈಕಲ್, ಟಿಫಿನ್ ಕ್ಯಾರಿಯರ್, ನಮ್ಮೂರ ಕಬ್ಬಿಣದ ಕಾರ್ಖಾನೆಯ ಚಿಮಣಿ. ಹೋದ ವರ್ಷ ತೀರಿಕೊಂಡ ಅವಳ ತಾತ!

ಮಾವನ ಫೋಟೊ ಕಡೆಗೂ ತಿರುಗದಿದ್ದ ಅತ್ತೆ ಬಂದು ನೋಡಿದರು. "ಬಿಸಿಲಲ್ಲಿಟ್ರೆ ಬಿರುಕು ಬಿಡತ್ತೆ ಕಣೇ" ಎಂದು ತಾವೇ ಎತ್ತಿ ಒಳಗೆ ನೆರಳಲ್ಲಿಟ್ಟರು.