ಕೆತ್ತಿ: ಕಣಿವೆಯ ಲೆಕ್ಕ, ಕಡತದ ಲೆಕ್ಕ

ಕೂನೂರಿನಿಂದ ಉದಕಮಂಡಲಕ್ಕೆ ಹತ್ತುವ ಪುಟ್ಟ ರೈಲು ಅರುವಂಕಾಡು ದಾಟಿದ ಮೇಲೆ ಬಟ್ಟಲಿನಂಥ ಒಂದು ದೊಡ್ಡ ಕಣಿವೆ ಕಣ್ಣಿಗೆ ಬೀಳುತ್ತದೆ. ಅಂಚಿನಲ್ಲಿ ಚಹಾ, ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್, ಕೋಸು, ಬಟಾಟೆ. ನಡುನಡುವೆ ಸಾಲುಮನೆಗಳ ಹಟ್ಟಿಗಳು. ಇದೇ ಕೆತ್ತಿ. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲೆ. ಇಲ್ಲಿಗೆ ರೈಲು ಹಳಿ ಬಂದದ್ದು 1908ರಲ್ಲಿ.

ಕೆಲಸದ ನಿಮಿತ್ತ 2021-22ರಲ್ಲಿ ನಾನು ಅಲ್ಲಿದ್ದೆ. ಮನೆಯೊಡೆಯರ ತಾಯಿ ಬಡಗ ಮಾತಾಡುತ್ತಿದ್ದರು, ನಾನು ಕಾಸರಗೋಡಿನ ಕನ್ನಡ. ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಅಜ್ಜಿ ನಗುತ್ತಾ ತಿದ್ದುತ್ತಿದ್ದರು. ಬಡಗ ಕನ್ನಡದ ಒಳನುಡಿಯೋ ಬೇರೆ ಭಾಷೆಯೋ ಎಂಬ ವಾದ ವಿದ್ವಾಂಸರಿಗೇ ಇರಲಿ. ಬಡಗಣ ದಿಕ್ಕಿನಿಂದ, ಎಂದರೆ ಮೈಸೂರು ಸೀಮೆಯಿಂದ ಬಂದವರು ಎಂಬುದನ್ನು ಹೆಸರೇ ಸಾರುತ್ತದೆ. ಜಿಲ್ಲೆ ಯಾವುದೆಂದು ಕೇಳಿದರೆ ಅಜ್ಜಿಯ ಬಾಯಲ್ಲಿ ಬರುತ್ತಿದ್ದದ್ದು 'ನಾಕುಬೆಟ್ಟ': ತೊದನಾಡು, ಪೊರಂಗಾಡು, ಮೇಕುನಾಡು, ಕುಂದೆ. ಹಟ್ಟಿಗೊಬ್ಬ ಗೌಡ, ಹಲವು ಹಟ್ಟಿ ಸೇರಿದರೆ ಸೀಮೆ. ಹಬ್ಬ, ನ್ಯಾಯ, ಸಾವು, ಎಲ್ಲವೂ ಆ ಲೆಕ್ಕದಲ್ಲೇ.

ಕಡತದ ಲೆಕ್ಕ ಬೇರೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬೆಟ್ಟ ಕಂಪೆನಿ ಸರಕಾರದ ಕೈಸೇರಿ, ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. 1830ರಲ್ಲಿ ಅದರ ಪಶ್ಚಿಮ ಭಾಗವನ್ನು ಮಲಬಾರಿಗೆ ಕೊಟ್ಟರು. ಹದಿಮೂರು ವರ್ಷದ ಮೇಲೆ, 1843ರಲ್ಲಿ, ಹಿಂದಕ್ಕೆ ತೆಗೆದುಕೊಂಡರು. 1868ರಲ್ಲಿ ನೀಲಗಿರಿಗೇ ಒಬ್ಬ ಕಮಿಷನರ್ ಬಂದರು, ಬ್ರೀಕ್ಸ್ ಎಂಬವರು. 1882ರಲ್ಲಿ ಆ ಹುದ್ದೆ ಕಲೆಕ್ಟರರದ್ದಾಯಿತು. ನಡುವೆ 1877ರಲ್ಲಿ ಮಲಬಾರಿನ ಆಗ್ನೇಯ ವಯನಾಡನ್ನು, ಎಂದರೆ ನಂಬಲಕೋಡು, ಚೇರಂಕೋಡು, ಮುನನಾಡು ಎಂಬ ಮೂರು ಅಂಶಗಳನ್ನು, ನೀಲಗಿರಿಗೆ ಜೋಡಿಸಿದರು. ಇಂದಿನ ಗೂಡಲೂರು, ಪಂದಲೂರು ಕಡೆಯೇ ಅದು.

ಉಳಿದ ವರ್ಷಗಳನ್ನು ಓದುಗರು ಮರೆತರೂ ಅಡ್ಡಿಯಿಲ್ಲ, 1877 ನೆನಪಿರಲಿ. ಆ ಗೆರೆ ಎಳೆದವರ ತಲೆಯಲ್ಲಿ ಭಾಷೆ ಇದ್ದಿರಲಾರದು. ಆದರೆ 1956ರ ನವೆಂಬರ್ 1ರಂದು ಮಲಬಾರು ಕೇರಳಕ್ಕೆ ಹೋದಾಗ, ಎಪ್ಪತ್ತೊಂಬತ್ತು ವರ್ಷ ಹಿಂದೆಯೇ ಕಡತದಲ್ಲಿ ಮಲಬಾರನ್ನು ಬಿಟ್ಟಿದ್ದ ಗೂಡಲೂರು, ಮಲಯಾಳ ಮಾತಾಡುವ ಅದೆಷ್ಟೋ ಮನೆಗಳೊಡನೆ ಮದರಾಸಿನಲ್ಲೇ ಉಳಿಯಿತು. ಅದೇ ದಿನ ನಮ್ಮ ಕಾಸರಗೋಡು ತಾಲೂಕು ಇಡಿಯಾಗಿ ದಕ್ಷಿಣ ಕನ್ನಡವನ್ನು ಬಿಟ್ಟಿತು. ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಹೇಳಿದ್ದು ಹೇಳಿದಲ್ಲೇ ಉಳಿಯಿತು. ಈ ಸಂಚಿಕೆಯ ಎರಡೂ ಭಾಷೆಯ ಓದುಗರಿಗೆ ಒಂದೊಂದು ಪಾಲು ಬಂದಿದೆ ಎನ್ನೋಣ.

ಕೆತ್ತಿಗೆ ಒಂದು ಕಾಲದಲ್ಲಿ ಕನ್ನಡ ಅಕ್ಷರವೂ ಬಂದಿತ್ತು. ಕಾಸಮೇಜರ್ ಎಂಬ ನಿವೃತ್ತ ಅಧಿಕಾರಿ ಕನ್ನಡ ಕಲಿತು ಬಡಗ ಮಕ್ಕಳಿಗೆ ಶಾಲೆ ತೆರೆದರು. ಮಂಗಳೂರಿನಲ್ಲೂ ತಲಶ್ಶೇರಿಯಲ್ಲೂ ನೆಲೆಯೂರಿದ್ದ ಬಾಸೆಲ್ ಮಿಶನ್ 1846ರಲ್ಲಿ ಅಲ್ಲಿಗೂ ಬಂತು. ಆ ಕನ್ನಡ ಇಂದು ಶಾಲೆಯಲ್ಲಿಲ್ಲ, ಕಚೇರಿಯಲ್ಲಿಲ್ಲ.

ಈಗ ಕೆತ್ತಿ ಪಟ್ಟಣ ಪಂಚಾಯಿತಿ, ತಮಿಳಿನಲ್ಲಿ ಪೇರೂರಾಟ್ಚಿ. ಪಟ್ಟಣವೆಂಬುದು ಕಾಗದದ ಮಾತು. ಕಣ್ಣಿಗೆ ಕಾಣುವುದು ಹಟ್ಟಿಗಳ ಗೊಂಚಲು. ತಮಿಳುನಾಡಿನ ಪಟ್ಟಣ ಪಂಚಾಯಿತಿಗಳಿಗೆಲ್ಲ 2011ರ ನಂತರ ಚುನಾವಣೆ ನಡೆದದ್ದು 2022ರ ಫೆಬ್ರವರಿಯಲ್ಲಿ. 2016ರಲ್ಲಿ ಹಳೆಯ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಅಧಿಕಾರಿಗಳದ್ದೇ ಆಡಳಿತ. ಗೌಡರ ಕಟ್ಟೆ ಮಾತ್ರ ಆ ದಿನಗಳಲ್ಲೂ ಖಾಲಿ ಬೀಳಲಿಲ್ಲ ಎಂದು ಮನೆಯೊಡೆಯರು ತುಸು ಹೆಮ್ಮೆಯಿಂದಲೇ ಹೇಳಿದರು. ಆ ಕಟ್ಟೆಯಲ್ಲಿ ಹೆಂಗಸರು ಕೂತದ್ದನ್ನು ನಾನು ಕಾಣಲಿಲ್ಲ. ವಾರ್ಡಿನಲ್ಲಾದರೆ ಮೀಸಲಾತಿ ಇದೆ. ಹಾಗಾಗಿ ಹಳೆಯದನ್ನೇ ಹೊಗಳಲು ನನಗೆ ಮನಸ್ಸಿಲ್ಲ.

ಮತದಾನದ ಮುನ್ನಾದಿನ ಅಜ್ಜಿಯ ಚೀಟಿ ಬಂತು. ಅವರಿಗೆ ತಮಿಳು ಓದಲು ಬಾರದು. ಮೊಮ್ಮಗಳು ಓದಿ ಬಡಗದಲ್ಲಿ ಹೇಳಿದಳು. ಅಜ್ಜಿ ಕೇಳಿದ್ದು ಒಂದೇ: ಇದರಲ್ಲಿ ಹಟ್ಟಿಯ ಹೆಸರು ಎಲ್ಲಿದೆ?