ಮೈದಾನದ ಪಕ್ಕದ ಕಿವಿ

ನಿಮಗೆ ಎಂಥ ಸಂಗೀತ ಇಷ್ಟ ಎಂದು ಯಾರಾದರೂ ಕೇಳಿದರೆ ನಾನು ‘ಜೆ.ಸಿ. ನಗರ’ ಎನ್ನುತ್ತೇನೆ. ಪ್ರಶ್ನೆ ನನಗೆ ಸರಿಯಾಗಿ ಕೇಳಿಸಲಿಲ್ಲವೆಂದುಕೊಂಡು ಅವರು ದನಿ ಏರಿಸಿ ಮತ್ತೊಮ್ಮೆ ಕೇಳುತ್ತಾರೆ. ಉತ್ತರ ಅದೇ. ಹುಡುಕಿ, ಆರಿಸಿ, ಅಳೆದು ತೂಗಿ ಅಭಿರುಚಿ ಬೆಳೆಸಿಕೊಂಡವರು ಇದ್ದಾರೆ, ಅವರಿಗೆ ನಮಸ್ಕಾರ. ನನಗೆ ಅದು ಅಪ್ಪ ಸಹಿ ಹಾಕಿದ ಬಾಡಿಗೆ ಕರಾರಿನ ಜೊತೆಗೇ ಬಂತು. ಮನೆಯ ಒಂದು ಕಡೆಗೆ ಅರಮನೆ ಮೈದಾನ, ಇನ್ನೊಂದು ಕಡೆಗೆ ದೂರದರ್ಶನದ ಟವರು. ನಡುವೆ ಬೆಳೆಯುವ ಹುಡುಗ ಏನು ಕೇಳಬೇಕು, ಏನು ಬಿಡಬೇಕು ಎಂದು ಯಾರೂ ಅವನನ್ನು ಕೇಳಲಿಲ್ಲ.

ಟವರಿನ ಉಪಕಾರ ದೊಡ್ಡದು. ಊರಿನವರೆಲ್ಲ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತ ‘ಬಂತಾ? ಬಂತಾ?’ ಎಂದು ಕೂಗುತ್ತಿದ್ದ ಕಾಲದಲ್ಲಿ ನಮ್ಮ ಬೀದಿಯವರು ಮಾತ್ರ ನೆಟ್ಟಗೆ ಕೂತು ‘ಚಿತ್ರಮಂಜರಿ’ ನೋಡುತ್ತಿದ್ದರು. ಅದರಲ್ಲಿ ಹಾಡುವವರೆಲ್ಲ ಟವರಿನ ಕೆಳಗಿನ ಕಟ್ಟಡದಲ್ಲೇ ಇರುತ್ತಾರೆಂದು ನಂಬಿದ್ದ ನಾವು ಹುಡುಗರು, ಶಂಕರ್‌ನಾಗ್ ಯಾವಾಗ ಹೊರಗೆ ಬರುತ್ತಾರೆಂದು ಗೇಟಿನ ಬಳಿ ಕಾದದ್ದುಂಟು. 1981ರ ‘ಗೀತಾ’ ಚಿತ್ರದ ಹಾಡುಗಳು ಆಗಲೇ ಹಳೆಯವಾಗಿದ್ದವು, ಆದರೆ ಬೀದಿಯ ಗಣೇಶನ ಮುಂದೆ ಆರ್ಕೆಸ್ಟ್ರಾದವರು ಅವನ್ನು ಹಾಡದೆ ಇಳಿದರೆ ಚಂದಾ ಕೊಟ್ಟವರು ಬಿಡುತ್ತಿರಲಿಲ್ಲ. ಎಲ್ಲರೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಕಂಠವನ್ನು ಹೊಗಳುತ್ತಿದ್ದರು. ನನ್ನ ಗಮನ ಅದರಡಿಯಲ್ಲಿ ಓಡುವ ಬೇಸ್ ಗಿಟಾರಿನ ಮೇಲೆ. ಆ ಹಾಡುಗಳಿಗೆ ಸಂಗೀತ ಕೊಟ್ಟ ಇಳಯರಾಜ ಬೇಸನ್ನು ತಾಳಕ್ಕೆ ಒತ್ತು ಕೊಡುವ ಸೇವಕನಂತೆ ಬಳಸಿದವರಲ್ಲ. ಗಾಯಕ ಮೇಲೆ ಒಂದು ಹಾಡು ಹೇಳುತ್ತಿದ್ದರೆ ಅದು ಕೆಳಗೆ ತನ್ನದೇ ಇನ್ನೊಂದನ್ನು ಹೇಳಿಕೊಂಡು ಹೋಗುತ್ತದೆ. 1987ರ ‘ಪ್ರೇಮಲೋಕ’ದಲ್ಲಿ ಮಾತಾಡುವುದನ್ನೂ ಹಾಡಿನಲ್ಲೇ ಆಡಿಸಿದ ಹಂಸಲೇಖರಿಗೂ ನಾನು ಸಾಲಗಾರ. ಆದರೆ ಮೊದಲ ಸಾಲ ಆ ಬೇಸಿನದು.

ನನ್ನ ಬೇಸ್ ಪಕ್ಷಪಾತಕ್ಕೆ ಕಾರಣ ಮೈದಾನ. ದೂರದ ಧ್ವನಿವರ್ಧಕದಿಂದ ಹೊರಟ ಶಬ್ದದಲ್ಲಿ ತಾರಸ್ವರಗಳನ್ನು ಗಾಳಿ, ಗೋಡೆ, ಮರದೆಲೆ ಎಲ್ಲವೂ ಸೇರಿ ದಾರಿಯಲ್ಲೇ ಹೀರಿಕೊಳ್ಳುತ್ತವೆ. ಕೆಳದನಿಯ ಅಲೆಗಳು ಉದ್ದ, ಅವು ಕಟ್ಟಡದ ಮೂಲೆ ಬಳಸಿ ಬಂದುಬಿಡುತ್ತವೆ. ಹಾಗಾಗಿ ಜಯಮಹಲ್ ರಸ್ತೆಯ ಈಚೆ ನಮ್ಮ ಮಾಳಿಗೆಗೆ ತಲುಪುತ್ತಿದ್ದದ್ದು ಪ್ರತಿ ಹಾಡಿನ ಕೆಳಭಾಗ ಮಾತ್ರ. ಮದುವೆ ಆರತಕ್ಷತೆಯೋ, ಪಕ್ಷದ ಸಮಾವೇಶವೋ, ಲಂಡನ್ನಿನಿಂದ ಬಂದ ಬ್ಯಾಂಡೋ, ಬುಡದ ಗುದ್ದಿನ ಮೇಲೆಯೇ ಊಹಿಸಬೇಕಿತ್ತು. ಮೇಲಿನ ಪಲ್ಲವಿಯನ್ನು ನಾವೇ ಹೊಂದಿಸಿಕೊಳ್ಳುತ್ತಿದ್ದೆವು.

ಬೆಂಗಳೂರಿನ ಬಹುಪಾಲು ಜನಕ್ಕೆ ಅರಮನೆ ಮೈದಾನವೆಂದರೆ ಮೇಖ್ರಿ ಸರ್ಕಲ್ಲಿನ ಟ್ರಾಫಿಕ್ಕು. ಬಳ್ಳಾರಿ ರಸ್ತೆಯಿಂದ ಜಯಮಹಲ್‌ವರೆಗೆ ನಾನೂರಕ್ಕೂ ಹೆಚ್ಚು ಎಕರೆ, ನಡುವೆ ಗ್ಯಾರೆಟ್ ಎಂಬ ಪಾದ್ರಿ ಕಟ್ಟಿಸಿದ್ದು, 1873ರಲ್ಲಿ ಒಡೆಯರ್ ಮನೆತನಕ್ಕೆ ಬಂದದ್ದು ಎನ್ನುವ ಅರಮನೆ. 1996ರಲ್ಲಿ ಸರ್ಕಾರ ಇದನ್ನು ವಶಪಡಿಸಿಕೊಳ್ಳಲು ಕಾಯ್ದೆ ಮಾಡಿತು, ವ್ಯಾಜ್ಯ ಕೋರ್ಟಿಗೆ ಹೋಯಿತು. ವ್ಯಾಜ್ಯವಿದ್ದ ಜಾಗದಲ್ಲಿ ಗಟ್ಟಿ ಕಟ್ಟಡ ಏಳುವುದಿಲ್ಲ, ಪೆಂಡಾಲು ಏಳುತ್ತದೆ. ನಗರದ ನಡುಮಧ್ಯೆ ಗಿಟಾರು ಹಿಡಿದವರಿಗೆ ಅಷ್ಟು ಬಯಲು ಸಿಕ್ಕಿದ್ದರ ಹಿಂದೆ ವಕೀಲರ ಪಾತ್ರ ಎಷ್ಟೆಂಬುದನ್ನು ಸಂಗೀತದ ಇತಿಹಾಸ ಬರೆಯುವವರು ಗಮನಿಸಬೇಕು.

ಇನ್ನು ನಮ್ಮ ಬಡಾವಣೆಯ ಹೆಸರು. ಜೆ.ಸಿ. ಎಂದರೆ ಜಯಚಾಮರಾಜೇಂದ್ರ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರ. ಅದೇ ವ್ಯಕ್ತಿ, ಲಂಡನ್ನಿನಲ್ಲಿ ಮುಪ್ಪಿನಲ್ಲಿ ಮರೆತುಹೋಗಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟರು. ಮೆಟ್ನರ್ ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ಬೆಳಿಗ್ಗೆ ದೇವಿಯ ಮೇಲೆ ಕೀರ್ತನೆ, ಸಂಜೆ ರಷ್ಯದ ಪಿಯಾನೊ. ‘ನಿಮ್ಮದು ಯಾವುದು, ನಮ್ಮದೋ ಪಾಶ್ಚಾತ್ಯವೋ’ ಎಂದು ಅವರನ್ನು ಯಾರಾದರೂ ಕೇಳಿದ್ದರೋ ಏನೋ. ಕಾಲೇಜಿನಲ್ಲಿ ನನ್ನನ್ನಂತೂ ಬಹಳ ಜನ ಕೇಳಿದರು. ಅಲ್ಲಿ ಎರಡು ಗುಂಪು. ಒಂದಕ್ಕೆ ಕನ್ನಡ ಹಾಡು ಕೇಳುವವರು ಹಳ್ಳಿಗುಗ್ಗುಗಳು, ಇನ್ನೊಂದಕ್ಕೆ ಇಂಗ್ಲಿಷ್ ಹಾಡು ಕೇಳುವವರು ಸೋಗುಗಾರರು. ಎರಡೂ ಗುಂಪಿನವರು ನನ್ನಿಂದ ಕ್ಯಾಸೆಟ್ ಒಯ್ದು ವಾಪಸು ಕೊಡಲಿಲ್ಲ ಎಂಬುದರಲ್ಲಿ ಮಾತ್ರ ಭೇದವಿರಲಿಲ್ಲ.

2005ರ ಬೇಸಿಗೆ ನನ್ನ ಪಾಲಿಗೆ ಈ ಜಗಳಕ್ಕೆ ತೆರೆ ಎಳೆಯಿತು. ಮಾರ್ಚ್‌ನಲ್ಲಿ ಗಿಟಾರಿಸ್ಟ್ ಮಾರ್ಕ್ ನಾಫ್ಲರ್ ಅರಮನೆ ಮೈದಾನಕ್ಕೆ ಬಂದ. ಪ್ಲೆಕ್ಟ್ರಮ್ಮಿಲ್ಲದೆ ಬರಿಬೆರಳಲ್ಲಿ ತಂತಿ ಎಳೆಯುವವನು, ಹೆಚ್ಚು ಮಾತಿಲ್ಲ, ಕುಣಿತವಿಲ್ಲ. ಸಭ್ಯ ಸಂಜೆ. ಮರುತಿಂಗಳು ಅದೇ ಮೈದಾನದಲ್ಲಿ ಸಿ. ಅಶ್ವಥ್ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮ ಮಾಡಿದರು. ಒಂದು ಲಕ್ಷಕ್ಕೂ ಮೀರಿ ಜನ ಸೇರಿದ್ದರು ಎಂದು ಪತ್ರಿಕೆಗಳು ಬರೆದವು. ಸಿನಿಮಾ ತಾರೆಯಿಲ್ಲ, ರಾಜಕಾರಣಿಯ ಬಿರಿಯಾನಿಯಿಲ್ಲ. ಕುವೆಂಪು, ಬೇಂದ್ರೆ, ಕೆ.ಎಸ್.ನ., ಶರೀಫರನ್ನು ಕೇಳಲು ಮಂಡ್ಯ, ತುಮಕೂರಿನಿಂದ ಬಸ್ಸು ಹತ್ತಿ ಬಂದ ಜನ. ಭಾವಗೀತೆಯೆಂದರೆ ಸಣ್ಣ ಸಭಾಂಗಣ, ಹಾರ್ಮೋನಿಯಂ, ತಬಲಾ, ನಾಲ್ಕು ಸಾಲು ಕುರ್ಚಿ, ನಡುವೆ ನಿರೂಪಕರ ದೀರ್ಘ ವ್ಯಾಖ್ಯಾನ ಎಂದು ತಿಳಿದಿದ್ದ ನಾನು ಆ ದಿನ ಅಮ್ಮನನ್ನು ಕರೆದುಕೊಂಡು ರಸ್ತೆ ದಾಟಿ ಹೋದೆ.

ಅಶ್ವಥ್ ಅವರದು ಹಿತವಾದ ಕಂಠವಲ್ಲ ಎನ್ನುವವರಿದ್ದಾರೆ. ಇರಲಿ. ಹಿತ ಬೇಕಾದವರಿಗೆ ಮೈಸೂರು ಅನಂತಸ್ವಾಮಿಯವರು ಇದ್ದಾರೆ, ನಮ್ಮಮ್ಮ ಆ ಪಕ್ಷ. 1978ರಲ್ಲಿ ಬಂದ ‘ನಿತ್ಯೋತ್ಸವ’ದ ಕ್ಯಾಸೆಟ್ಟನ್ನು ಅವಳು ದೇವರ ಮನೆಯ ಗೂಡಲ್ಲಿ ಇಟ್ಟಿದ್ದಳು. ಅಶ್ವಥ್ ದನಿ ಮೇಲಕ್ಕೆ ಏರಿ ಇನ್ನೇನು ಒಡೆಯಬೇಕು ಅನ್ನುವ ಅಂಚಿನಲ್ಲಿ ನಿಂತು, ಅಲ್ಲಿಂದ ಇನ್ನೂ ಒಂದು ಮೆಟ್ಟಿಲು ಹತ್ತುತ್ತದೆ. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಶರೀಫರ ಪದಗಳಿಗೆ ಅವರು ಕೊಟ್ಟದ್ದು ಅದನ್ನೇ. ರಾಕ್ ಗಾಯಕರಲ್ಲಿ ನಾನು ಹುಡುಕುವುದೂ ಅದನ್ನೇ. ಆ ಸಂಜೆ ಲಕ್ಷ ಜನ ಒಟ್ಟಿಗೆ ದನಿಗೂಡಿಸಿದಾಗ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ‘ಕಿರುಚ್ತಾರೆ ಕಣೋ, ಆದ್ರೂ ಕೇಳ್ಬೇಕು ಅನ್ಸುತ್ತೆ’ ಎಂದಳು. ಹೆವಿ ಮೆಟಲ್ ಬಗ್ಗೆ ಇದಕ್ಕಿಂತ ಚಿಕ್ಕ, ಚೊಕ್ಕ ವಿಮರ್ಶೆಯನ್ನು ನಾನು ಓದಿಲ್ಲ.

ಎರಡು ವರ್ಷಕ್ಕೆ, 2007ರ ಮಾರ್ಚ್ 17ಕ್ಕೆ, ಐರನ್ ಮೇಡನ್ ಎಂಬ ಮೆಟಲ್ ಬ್ಯಾಂಡು ಅದೇ ಮೈದಾನಕ್ಕೆ ಬಂತು. ಈಶಾನ್ಯ ರಾಜ್ಯಗಳಿಂದ ದಿನಗಟ್ಟಲೆ ರೈಲಿನಲ್ಲಿ ಕೂತು ಬಂದ ಹುಡುಗರು ಕರಿ ಟೀ ಶರ್ಟಿನಲ್ಲಿ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ನಡೆದೇ ಬಂದರು. ಬ್ಯಾಂಡಿನ ಲಾಂಛನವಾದ ಎಡ್ಡಿ ಎಂಬ ಬೇತಾಳ ಎಲ್ಲರ ಎದೆಯ ಮೇಲೂ ಹಲ್ಲು ಕಿರಿಯುತ್ತಿತ್ತು. ನಮ್ಮ ಬೀದಿಯ ಬೇಕರಿಯವನು ಮೊದಲು ಅರ್ಧ ಷಟರ್ ಎಳೆದ, ಆಮೇಲೆ ಅವರು ಸಾಲಾಗಿ ನಿಂತು ಬನ್ನು, ಬಾದಾಮಿ ಹಾಲು ಕೇಳಿದ ಮೇಲೆ ಪೂರ್ತಿ ಎತ್ತಿದ. ದೆಹಲಿಯ ಪರಿಕ್ರಮ ಬ್ಯಾಂಡು ಮೊದಲು ನುಡಿಸಿತು. ಕತ್ತಲಾದ ಮೇಲೆ ಮೇಡನ್.

ಈ ಬ್ಯಾಂಡಿನ ಯಜಮಾನ ಹಾಡುಗಾರನಲ್ಲ, ಬೇಸ್ ನುಡಿಸುವ ಸ್ಟೀವ್ ಹ್ಯಾರಿಸ್. ಹೆಚ್ಚಿನ ಹಾಡು ಬರೆಯುವವನೂ ಅವನೇ. ಒಂದು ಉದ್ದ, ಎರಡು ಗಿಡ್ಡ, ಒಂದು ಉದ್ದ, ಎರಡು ಗಿಡ್ಡ ಎಂದು ಬೆರಳಿನಿಂದಲೇ ಬಡಿದುಕೊಂಡು ಹೋಗುತ್ತಾನೆ. ಮನೆಯಲ್ಲೇ ಉಳಿದಿದ್ದ ಅಮ್ಮನಿಗೆ ಮಾಳಿಗೆಯಲ್ಲಿ ಕೇಳಿಸಿದ್ದು ಅದೊಂದೇ. ರಾತ್ರಿ ನಾನು ಗಂಟಲು ಕಟ್ಟಿಕೊಂಡು ಬಂದಾಗ, ‘ಇದೇನೋ ಕುದುರೆ ಓಡಿಸಿದ ಹಾಗೆ?’ ಎಂದಳು. ಆ ಲಯವನ್ನು ಜಗತ್ತಿನ ಗಿಟಾರಿಸ್ಟರು ಕುದುರೆಯ ನಾಗಾಲೋಟ ಎಂದೇ ಕರೆಯುತ್ತಾರೆ ಎಂದು ಪಿಸುದನಿಯಲ್ಲಿ ವಿವರಿಸಿದೆ. ಅವಳಿಗೆ ಅಂಥ ವಿಶೇಷವೇನೂ ಕಾಣಲಿಲ್ಲ. ‘ಮತ್ತೆ ಕುದುರೆ ಅಲ್ದೆ ಇನ್ನೇನು?’

ಮೇಡನ್ ಹಾಡುವುದೂ ಭಾವಗೀತೆಯೇ ಎಂದು ಅವಳ ಜೊತೆ ವಾದಿಸಿದ್ದೇನೆ. ತಮಾಷೆಗಲ್ಲ. 1984ರ ‘ಪವರ್‌ಸ್ಲೇವ್’ ಆಲ್ಬಮ್ಮಿನಲ್ಲಿ ಹ್ಯಾರಿಸ್ ಕೋಲ್‌ರಿಜ್‌ನ ಮುದುಕ ನಾವಿಕನ ಕಾವ್ಯವನ್ನು ಎತ್ತಿಕೊಂಡು ಹದಿಮೂರು ನಿಮಿಷ ದಾಟುವ ಹಾಡು ಕಟ್ಟಿದ. ಶಾಲೆಯ ಪಠ್ಯದಲ್ಲಿ ಸತ್ತು ಬಿದ್ದಿದ್ದ ಕವಿತೆಯನ್ನು ಎಬ್ಬಿಸಿ ಮೈದಾನಕ್ಕೆ ತರುವುದು; ನಮ್ಮ ಅಶ್ವಥ್, ಅನಂತಸ್ವಾಮಿ ಮಾಡಿದ್ದೂ ಇದೇ ಕಸುಬಲ್ಲವೆ? ಹಾಡಿನ ನಡುವೆ ಹಡಗು ಗಾಳಿಯಿಲ್ಲದೆ ನಿಂತಾಗ ಡ್ರಮ್ಮು, ಗಿಟಾರು ಎಲ್ಲ ಸರಿದು ಬೇಸ್ ಒಂದೇ ಉಳಿಯುತ್ತದೆ. ಅದನ್ನು ಕೇಳಿಸಿದಾಗ ಅಮ್ಮ ಪೂರ್ತಿ ಕೂತು ಕೇಳಿದಳು. ‘ಚೆನ್ನಾಗಿದೆ. ಆದ್ರೆ ಸಾಹಿತ್ಯ ಸ್ಪಷ್ಟ ಇಲ್ಲ’ ಎಂದಳು. ಆಕಾಶವಾಣಿಯ ಆಡಿಷನ್ನಿನಲ್ಲಿ ಆಯಿತು ಹೋಗಿ ಅಂದಂತಿತ್ತು.

ಮೇಡನ್ ಬಂದ ಆ ವಸಂತದ ಇನ್ನೊಂದು ಮುಖವನ್ನು ಹೇಳಲೇಬೇಕು. ‘ಮುಂಗಾರು ಮಳೆ’ ಬಿಡುಗಡೆಯಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಮನೋಮೂರ್ತಿಯವರ ರಾಗ, ಜಯಂತ ಕಾಯ್ಕಿಣಿಯವರ ಸಾಹಿತ್ಯ, ಸೋನು ನಿಗಮ್ ಕಂಠ. ಆಟೋ, ಮೊಬೈಲು, ಹಜಾಮರ ಅಂಗಡಿ ಎಲ್ಲೆಲ್ಲೂ ಅದೊಂದೇ. ಮೇಡನ್ ಮುಗಿಸಿ ಹೊರಬಂದ ಕರಿ ಅಂಗಿಯ ದಂಡು ಆಟೋಗಳಿಗೆ ಮುಗಿಬಿದ್ದಾಗ, ಮೀಟರಿನ ಮೇಲೆ ಒಂದೂವರೆ ಕೊಡಿ ಎನ್ನುತ್ತಿದ್ದ ಆ ಆಟೋಗಳೊಳಗಿಂದ ಹೊರಡುತ್ತಿದ್ದದ್ದೂ ಅದೇ. ಬೇತಾಳದ ಅಂಗಿ ತೊಟ್ಟ ಒಬ್ಬ ದಾಂಡಿಗ ಹಿಂದಿನ ಸೀಟಲ್ಲಿ ಕಣ್ಣು ಮುಚ್ಚಿ ಅದರ ಜೊತೆ ಗುನುಗುತ್ತಿದ್ದ. ಗೆಳೆಯರು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡೇ ಗುನುಗುತ್ತಿದ್ದ.

ನನಗೆ ಎಲ್ಲವೂ ಇಷ್ಟ ಎಂದುಕೊಳ್ಳಬೇಡಿ. ಅಂಥ ಉದಾರಿಗಳನ್ನು ಕಂಡರೆ ನನಗೆ ಸಂಶಯ. ಕೊಳಲು, ಡ್ರಮ್ಸು, ಆಲಾಪ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಫ್ಯೂಷನ್ ಎಂದು ಬಡಿಸುವುದು ನನಗೆ ಸೇರದು. ಹಾಗೆಂದು ಹೊಸಬರು ಶರೀಫರನ್ನು ಮುಟ್ಟಬಾರದು ಎನ್ನುವ ಹಿರಿಯರ ಮಾತೂ ಸೇರದು. ರಘು ದೀಕ್ಷಿತ್ ಶರೀಫರ ಪದಕ್ಕೆ ಗಿಟಾರು ಕಟ್ಟಿದಾಗ ಪದ ಏನೂ ಮೈಲಿಗೆಯಾಗಲಿಲ್ಲ, ಅದು ತಂಬೂರಿಯ ಕಾಲದಿಂದಲೂ ತಂತಿಗೆ ಒಗ್ಗಿದ ಪದ. 2011ರಲ್ಲಿ ಮೆಟಾಲಿಕಾ ಇದೇ ಮೈದಾನಕ್ಕೆ ಬಂದಾಗ ಊರಿಗೆ ಊರೇ ಕುಣಿಯಿತು. ನಾನೂ ಹೋದೆ, ಕುಣಿದೆ. ಆದರೂ ಆ ಬ್ಯಾಂಡಿನ ಒಂದು ಹೆಸರಾಂತ ಆಲ್ಬಮ್ಮಿನಲ್ಲಿ, 1988ರದ್ದು, ಬೇಸ್ ಕಿವಿಗೆ ಬೀಳುವುದೇ ಇಲ್ಲ. ಇದನ್ನು ನಾನು ಕ್ಷಮಿಸಿಲ್ಲ.

ಈಗ ದೊಡ್ಡ ಕಛೇರಿಗಳು ಊರಾಚೆಗೆ ಹೋಗಿವೆ. 2025ರ ಫೆಬ್ರುವರಿಯಲ್ಲಿ ಎಡ್ ಶೀರನ್ ಹಾಡಿದ್ದು ತುಮಕೂರು ರಸ್ತೆಯ ಮಾದಾವರದ ಬಯಲಿನಲ್ಲಿ. ಅದೇ ಹೊತ್ತಿಗೆ ಅವನು ಚರ್ಚ್ ಸ್ಟ್ರೀಟಿನ ಫುಟ್‌ಪಾತಿನಲ್ಲೂ ಗಿಟಾರು ಹಿಡಿದು ನಿಂತ, ಪೊಲೀಸರೊಬ್ಬರು ಬಂದು ಮೈಕಿನ ವೈರು ಕಿತ್ತರು. ಜಗತ್ತೆಲ್ಲ ಆ ವಿಡಿಯೊ ನೋಡಿ ನಕ್ಕಿತು. ನಮ್ಮ ಬಡಾವಣೆಯವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ವೈರು ಕೀಳುವ ಪೊಲೀಸರನ್ನು ನಾವು ಮದುವೆ ಸೀಜನ್ನಿನಲ್ಲಿ ವಾರಕ್ಕೊಮ್ಮೆ ನೋಡುತ್ತೇವೆ.

ಮೈದಾನದಲ್ಲಿ ಉಳಿದಿರುವುದು ಮದುವೆಗಳು. ಡಿ.ಜೆ. ಇದ್ದರೆ ಕಿಟಕಿಯ ಗಾಜು ಅದುರುತ್ತದೆ, ಆರ್ಕೆಸ್ಟ್ರಾ ಇದ್ದರೆ ನಮ್ಮ ಅದೃಷ್ಟ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮವನ್ನು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಾಯಿಪಾಠ ಮಾಡಿದ್ದಾರೆ. ಹತ್ತು ಹೊಡೆಯುವುದೇ ತಡ, ಬಾಲ್ಕನಿಗೆ ಬಂದು ಫೋನು ತೆಗೆಯುತ್ತಾರೆ. ಮೊನ್ನೆ ಆರ್ಕೆಸ್ಟ್ರಾದವನು ಹತ್ತಕ್ಕೆ ಸರಿಯಾಗಿ ರಾಜ್‌ಕುಮಾರರ ‘ಜೀವನ ಚೈತ್ರ’ದ ಆ ರಾಷ್ಟ್ರಪ್ರಶಸ್ತಿಯ ಹಾಡನ್ನು ಎತ್ತಿಕೊಂಡ. ಮೇಷ್ಟ್ರ ಕೈಯಲ್ಲಿ ಫೋನಿತ್ತು, ಅತ್ತಲಿಂದ ಯಾರೋ ‘ಹಲೋ, ಹಲೋ’ ಎನ್ನುತ್ತಿದ್ದರು.

‘ಏನ್ ಮೇಷ್ಟ್ರೇ, ಕಂಪ್ಲೇಂಟಾ?’ ಎಂದೆ.

‘ಇರ್ರೀ, ಸ್ವರ ಮೇಲಕ್ಕೆ ಹೋಗೋ ಜಾಗ ಬರುತ್ತೆ ಈಗ. ಅದನ್ನ ಹೆಂಗೆ ಹಾಡ್ತಾನೋ ನೋಡ್ಕೊಂಡು ಆಮೇಲೆ ಹೇಳೋಣ’ ಎಂದರು.